ಚೇತುವಿನ ಎಡಗಿವಿ

ಹೊಸ ಊರಿನ ಹೊಸ ಶಾಲೆಯ ಫಾರ್ಮನ್ನು ಅಮ್ಮ ಯಾವಾಗಲೂ ಅಡುಗೆಮನೆಯಲ್ಲೇ ತುಂಬುತ್ತಿದ್ದಳು. ಮೇಜು ಕುರ್ಚಿಗಳೆಲ್ಲ ಇನ್ನೂ ಲಾರಿಯಲ್ಲೇ ಇರುತ್ತಿದ್ದುದರಿಂದ ಅವಳಿಗೆ ಬೇರೆ ಜಾಗವೂ ಇರುತ್ತಿರಲಿಲ್ಲ. ಮೊದಲು ಒಲೆಯ ಮೇಲೆ ಹಾಲು ಉಕ್ಕಬೇಕು. ಉಕ್ಕಿ ಉಳಿದ ಹಾಲಿಗೆ ಸಕ್ಕರೆ ಹಾಕಿ ನಾಲ್ಕು ಜನರೂ ಒಂದೊಂದು ಗುಟುಕು ಕುಡಿಯಬೇಕು. ಆಮೇಲೆ ಅವಳು ಅಡುಗೆಕಟ್ಟೆಯನ್ನು ಒರೆಸಿ, ಫಾರ್ಮನ್ನು ಹರಡಿ, ಅದರ ನೆತ್ತಿಯ ಮೇಲೆ ಪೆನ್ಸಿಲ್ಲಿನಿಂದ ಸಣ್ಣದಾಗಿ ‘ಶ್ರೀ’ ಎಂದು ಬರೆಯುತ್ತಿದ್ದಳು. ಎಲ್ಲ ತುಂಬಿ ಮುಗಿದ ಮೇಲೆ ಅದನ್ನು ರಬ್ಬರಿನಿಂದ ಅಳಿಸಿಬಿಡುತ್ತಿದ್ದಳು, ಶಾಲೆಯ ಆಫೀಸಿನವರು ಇದೇನು ಗೀಚಿದ್ದಾರೆ ಅಂದುಕೊಳ್ಳಬಾರದಲ್ಲ. ಆದರೆ ಅಮ್ಮ ಒತ್ತಿ ಬರೆಯುವವಳು. ಅಳಿಸಿದರೂ ಕಾಗದದಲ್ಲಿ ಗುರುತು ಉಳಿಯುತ್ತಿತ್ತು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ನನಗೂ ತಮ್ಮ ಚೇತುವಿಗೂ ಅದು ಕಾಣುತ್ತಿತ್ತು. ಫಾರ್ಮನ್ನು ಆಫೀಸಿಗೆ ಕೊಡುವ ಮೊದಲು ಒಮ್ಮೆ ಹಾಗೆ ಹಿಡಿದು ನೋಡುವುದು ನಮ್ಮಿಬ್ಬರ ಆಟವಾಗಿತ್ತು. ಇದಕ್ಕೆಲ್ಲ ಒಳ್ಳೆಯ ಹೊತ್ತು ಬೇರೆ ನೋಡಬೇಕು. ಬೆಂಗಳೂರಿನಿಂದ ತಂದ ಕ್ಯಾಲೆಂಡರು ಎಲ್ಲ ಸಾಮಾನಿಗಿಂತ ಮುಂಚೆ, ಅಮ್ಮನ ಕೈಚೀಲದಲ್ಲೇ ಮನೆ ಸೇರುತ್ತಿತ್ತು.

“ರೀ, ಹತ್ತೂವರೆಯಿಂದ ರಾಹುಕಾಲ. ಅಷ್ಟರೊಳಗೆ ಬರ್ದುಬಿಡ್ತೀನಿ. ಒಂದು ಪೆನ್ ಕೊಡಿ.”

“ನಿನ್ನ ರಾಹು ಬೆಂಗಳೂರು ಟೈಮಲ್ಲಿ ಬರ್ತಾನೋ, ಪರ್ತ್ ಟೈಮಲ್ಲಿ ಬರ್ತಾನೋ?”

“ನಾವೆಲ್ಲಿದೀವೋ ಅಲ್ಲಿನ ಟೈಮಲ್ಲೇ. ನಿಮ್ಮ ಹಾಗೆ ಅವನಿಗೂ ಪೋಸ್ಟಿಂಗ್ ಇರತ್ತೆ.”

ಅಪ್ಪ ವಿಮಾನದ ಎಂಜಿನ್ನುಗಳ ಮೆಕ್ಯಾನಿಕ್ ಆಗಿದ್ದರು. ಬೆಂಗಳೂರಿನಲ್ಲಿ ವಾಯುಪಡೆಯ ಕೆಲಸ ಮುಗಿಸಿ, ಅದೇ ಕಸುಬಿನ ಬಲದಿಂದ ಆಸ್ಟ್ರೇಲಿಯಾಕ್ಕೆ ಬಂದು, ಇಲ್ಲಿಯ ಸೇನೆಯನ್ನು ಸೇರಿದ್ದರು. ಪರಿಚಯದ ಕನ್ನಡದವರೆಲ್ಲ ಸಾಫ್ಟ್‌ವೇರಿನವರು. ಒಂದೇ ಊರಿನಲ್ಲಿ ಮನೆ ಕೊಂಡು, ಹಿತ್ತಲಲ್ಲಿ ಕರಿಬೇವು ನೆಟ್ಟು ನೆಲೆ ನಿಂತವರು. ನಮಗೆ ಮಾತ್ರ ಎರಡು ಮೂರು ವರ್ಷಕ್ಕೊಮ್ಮೆ ವರ್ಗ. ನಮ್ಮ ಕರಿಬೇವು ಕುಂಡದಲ್ಲೇ ಬೆಳೆಯುತ್ತಿತ್ತು. ಒಂದು ರಾಜ್ಯದ ಗಿಡವನ್ನು ಇನ್ನೊಂದು ರಾಜ್ಯಕ್ಕೆ ಒಯ್ಯಲು ಬಿಡದ ಕಾನೂನಿನಿಂದಾಗಿ ಪ್ರತಿಸಲ ಪಕ್ಕದ ಮನೆಯವರ ಪಾಲಾಗುತ್ತಿತ್ತು. ಸಾಮಾನು ಕಟ್ಟುವವರನ್ನು ಸೇನೆಯೇ ಕಳಿಸುತ್ತಿತ್ತು. ಕಣ್ಣಿಗೆ ಬಿದ್ದದ್ದನ್ನೆಲ್ಲ ಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುವ ಅವರ ಶ್ರದ್ಧೆ ಎಂಥದೆಂದರೆ, ಒಮ್ಮೆ ಬ್ರಿಸ್ಬೇನ್‌ನಲ್ಲಿ ಪೆಟ್ಟಿಗೆ ಬಿಚ್ಚಿದಾಗ ಪರ್ತ್‌ನ ಕಸದ ಡಬ್ಬಿ ಕಸದ ಸಮೇತ ಹೊರಗೆ ಬಂತು. ಅಪ್ಪ ಬಿದ್ದು ಬಿದ್ದು ನಕ್ಕರು. ಅಮ್ಮ ಮಾತ್ರ ಹೊಸ ಮನೆಗೆ ಹಳೇ ಮನೆಯ ಎಂಜಲು ಬಂತಲ್ಲ ಎಂದು ದಿನವಿಡೀ ಗೊಣಗುತ್ತ ನೆಲ ಒರೆಸಿದಳು.

ಪರ್ತ್‌ನಲ್ಲಿ ನಮ್ಮ ಮನೆಯಿದ್ದದ್ದು ಥಾರ್ನ್ಲಿಯಲ್ಲಿ, ಶಾಪಿಂಗ್ ಸೆಂಟರಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಇಟ್ಟಿಗೆ ಮನೆ. ನನಗೆ ಒಂಬತ್ತು ವರ್ಷ, ತಮ್ಮ ಚೇತುವಿಗೆ ಆರು. ಹಿತ್ತಲ ತುಂಬ ಮರಳು. ಎಷ್ಟು ಗುಡಿಸಿದರೂ ಊಟದ ತಟ್ಟೆಯವರೆಗೆ ಬರುತ್ತಿತ್ತು. ನಮ್ಮ ಮನೆಯಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದೆವು. ಇಪ್ಪತ್ತು ವರ್ಷ ಎಂಜಿನ್ನಿನ ಪಕ್ಕ ನಿಂತ ಅಪ್ಪನಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಅವರಿಗೆ ಉತ್ತರ ಕೊಡಲು ಅಮ್ಮ ಅಡುಗೆಮನೆಯಿಂದ ಕೂಗಬೇಕು, ಕುಕ್ಕರಿನ ಸೀಟಿಯ ಮೇಲೆ ಟಿವಿ, ಟಿವಿಯ ಮೇಲೆ ನಾವು. ಇಂಥ ಮನೆಯಲ್ಲಿ ಒಬ್ಬ ಹುಡುಗನಿಗೆ ಕಿವಿ ಸರಿಯಾಗಿ ಕೇಳಿಸುತ್ತಿಲ್ಲ ಎಂದು ಯಾರಿಗಾದರೂ ಹೇಗೆ ಗೊತ್ತಾಗಬೇಕು?

ಆ ಚಳಿಗಾಲದಲ್ಲಿ ಚೇತುವಿನ ಎಡಗಿವಿ ಸೋರತೊಡಗಿತು. ಬೆಳಿಗ್ಗೆ ಎದ್ದರೆ ದಿಂಬಿನ ಮೇಲೆ ಹಳದಿ ಕಲೆ. ಅಮ್ಮ ಕೊಬ್ಬರಿ ಎಣ್ಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿ ಕಾಯಿಸಿ, ಬೆಚ್ಚಗಿರುವಾಗಲೇ ಎರಡು ತೊಟ್ಟು ಬಿಟ್ಟು, ಹತ್ತಿ ತುರುಕುತ್ತಿದ್ದಳು. ಇಡೀ ಮನೆ ಒಗ್ಗರಣೆಯ ಹಾಗೆ ಘಮಗುಡುತ್ತಿತ್ತು. ನೋವು ಜಾಸ್ತಿಯಾದಾಗ ಡಾಕ್ಟರ ಬಳಿ ಹೋದರು. ಅವರು ಡ್ರಾಪ್ಸ್ ಕೊಟ್ಟು, ಎಣ್ಣೆ ಹಾಕಬೇಡಿ ಎಂದು ಹೇಳಿ, ದೊಡ್ಡ ಡಾಕ್ಟರಿಗೆ ಚೀಟಿ ಬರೆದರು. ಸೋರುವುದು ನಿಂತಿತು, ಎಲ್ಲರೂ ಮರೆತರು. ದೊಡ್ಡ ಡಾಕ್ಟರರ ಸರದಿ ಬಂದಿದೆ ಎಂಬ ಪತ್ರ ನಮ್ಮ ಕೈ ಸೇರುವ ಹೊತ್ತಿಗೆ ನಾವು ಬ್ರಿಸ್ಬೇನ್‌ನಲ್ಲಿದ್ದೆವು.

ನನಗೆ ಗೊತ್ತಾದದ್ದು ಥಾರ್ನ್ಲಿಯ ಶಾಪಿಂಗ್ ಸೆಂಟರಿನ ಹಿಂದಿನ ಪಾರ್ಕಿಂಗ್‌ನಲ್ಲಿ. ಅಮ್ಮ ಟ್ರಾಲಿ ಬಿಡಲು ಹೋಗಿದ್ದಳು. ಚೇತು ಎರಡು ಹೆಜ್ಜೆ ಮುಂದೆ ಐಸ್‌ಕ್ರೀಮ್ ನೆಕ್ಕುತ್ತ ನಿಂತಿದ್ದ. ಅವನ ಎಡಕ್ಕೆ ಒಂದು ಬಿಳಿ ವ್ಯಾನು ಪೀಂ ಪೀಂ ಎನ್ನುತ್ತ ಹಿಂದಕ್ಕೆ ಬರುತ್ತಿತ್ತು. ನಾನು ಕೂಗಿದೆ. ಅವನು ತಿರುಗಲಿಲ್ಲ. ಮತ್ತೆ ಕೂಗಿದೆ. ಓಡಿಹೋಗಿ ಕಾಲರು ಹಿಡಿದು ಎಳೆದಾಗ ಐಸ್‌ಕ್ರೀಮ್ ಕೆಳಗೆ ಬಿತ್ತು, ವ್ಯಾನು ಅದರ ಮೇಲೇ ಹಾದುಹೋಯಿತು. ಅವನು ಮೊದಲು ಐಸ್‌ಕ್ರೀಮಿಗಾಗಿ ಅತ್ತ. ಆಮೇಲೆ ನನ್ನ ಮುಖ ನೋಡಿ ಅಳು ನಿಲ್ಲಿಸಿದ.

“ಡೋಂಟ್ ಟೆಲ್ ಅಮ್ಮ,” ಎಂದ. ಅವನು ಆಗಲೇ ನಮಗೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ.

ನಾನು ಹೇಳಲಿಲ್ಲ. ಹಾಗೆ ನಮ್ಮ ಗುಟ್ಟು ಶುರುವಾಯಿತು. ಶಾಲೆಯಲ್ಲಿ ಕಿವಿ ಪರೀಕ್ಷೆ ಮಾಡಲು ನರ್ಸ್ ಬಂದ ದಿನ, ತಾನು ಹೇಗೆ ಪಾಸಾದೆ ಎಂದು ಚೇತು ನನಗೆ ಹೆಮ್ಮೆಯಿಂದ ಹೇಳಿದ. ಎದುರಿನ ಕಿಟಕಿಯ ಗಾಜಿನಲ್ಲಿ ನರ್ಸಿನ ಮೊಣಕೈ ಕಾಣುತ್ತಿತ್ತಂತೆ. ಸದ್ದಿನ ಗುಂಡಿ ಒತ್ತಲು ಮೊಣಕೈ ಅಲ್ಲಾಡಿದಾಗಲೆಲ್ಲ ಇವನು ಕೈ ಎತ್ತಿದನಂತೆ. ನಾನು ಭಲೇ ಎಂದು ಬೆನ್ನು ತಟ್ಟಿದೆ. ಅಂದಿನಿಂದ ನಾನು ಅವನ ಕಿವಿಯಾದೆ. ಬಿಡುವಿನ ಗಂಟೆ ಹೊಡೆದ ಕೂಡಲೇ ಅವನ ಕ್ಲಾಸಿನ ಬಾಗಿಲಿಗೆ ಹೋಗಿ ಬೋರ್ಡಿನ ಮೇಲಿದ್ದದ್ದನ್ನು ಓದಿ, ಬಾಕಿಯದನ್ನು ಪಕ್ಕದ ಹುಡುಗಿಯಿಂದ ಕೇಳಿ, ಅವನ ಬಲಗಿವಿಯ ಹತ್ತಿರ ಒಪ್ಪಿಸಬೇಕು. ಸಂಜೆ ಊಟದ ಮೇಜಿನಲ್ಲಿ ಅವನು ನನ್ನ ಎಡಕ್ಕೆ ಕೂರುತ್ತಿದ್ದ, ಬಲಗಿವಿ ನನ್ನ ಕಡೆ ಇರಲೆಂದು. ಜಗಳವಾದ ದಿನ ಕುರ್ಚಿಯನ್ನು ಎತ್ತಿ ನನ್ನ ಬಲಕ್ಕೆ ಇಟ್ಟುಕೊಂಡು, ಎಡಗಿವಿಯನ್ನು ನನ್ನ ಕಡೆ ಮಾಡಿ, ಎದುರಿನ ಗೋಡೆ ನೋಡುತ್ತ ಕೂತುಬಿಡುತ್ತಿದ್ದ. ಆಮೇಲೆ ನಾನು ಏನು ಒದರಿದರೂ ಅಷ್ಟೇ. ಬೇರೆ ಮಕ್ಕಳು ಬಾಗಿಲು ಬಡಿದು ಕೋಣೆ ಸೇರುತ್ತಾರೆ. ನಮ್ಮ ಚೇತುವಿಗೆ ಅಷ್ಟು ಸಾಕಿತ್ತು.

ಇಷ್ಟಕ್ಕೂ ಅಮ್ಮನಿಗೆ ಏನೂ ಗೊತ್ತಿರಲಿಲ್ಲವೇ? ಗೊತ್ತಿತ್ತು. ನಾವು ಅಲ್ಲಿಂದ ಬ್ರಿಸ್ಬೇನ್‌ಗೆ ಹೋದಾಗ ಅವಳು ಫಾರ್ಮು ತುಂಬುವುದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಆಗ ನನಗೆ ಹನ್ನೆರಡು. ಮಗುವಿಗೆ ಕಣ್ಣು, ಕಿವಿ, ಮಾತು, ಕಲಿಕೆ ಇವುಗಳಲ್ಲಿ ಶಾಲೆಗೆ ತಿಳಿದಿರಬೇಕಾದ ತೊಂದರೆ ಏನಾದರೂ ಇದೆಯೇ ಎಂಬ ಪ್ರಶ್ನೆ, ಎದುರಿಗೆ ಎರಡು ಚೌಕ. ಅಮ್ಮನ ಪೆನ್ನು ಅಲ್ಲಿ ಒಂದು ಕ್ಷಣ ನಿಂತಿತು. ಆಮೇಲೆ ‘ಇಲ್ಲ’ದ ಚೌಕಕ್ಕೆ ಗುರುತು ಹಾಕಿತು.

“ಅಮ್ಮಾ, ಚೇತು ಕಿವಿ?”

“ಸುಮ್ನಿರು. ಮೊದಲನೇ ದಿನಾನೇ ಮಗು ಮೇಲೆ ಕುಂದು ಬರೀಬಾರ್ದು. ಸ್ವಲ್ಪ ದಿನ ಆಗ್ಲಿ, ಟೀಚರ್‌ಗೆ ಹೋಗಿ ಹೇಳಿದ್ರಾಯ್ತು.”

ಅವಳನ್ನು ನಾನು ಬಹಳ ವರ್ಷ ಮನಸ್ಸಿನಲ್ಲೇ ಬೈದುಕೊಂಡಿದ್ದೇನೆ. ಈಗ ಅಷ್ಟು ಸುಲಭವಾಗಿ ಬೈಯಲಾರೆ. ಅವಳ ತಂಗಿಗೆ ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಒಂದು ಕಾಲು ಸಣ್ಣದಾಗಿತ್ತು. ಮೈಸೂರಿನಲ್ಲಿ ಶಾಲೆಗೆ ಸೇರಿಸಿದ ದಿನ ಮೇಷ್ಟ್ರು ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ‘ಕುಂಟಿ’ ಎಂದು ಬರೆದು, ದಿನಾ ಹೆಸರಿನ ಜೊತೆಗೆ ಅದನ್ನೂ ಓದುತ್ತಿದ್ದರಂತೆ. ಮದುವೆಯ ಮಾತಿನವರೆಗೂ ಚಿಕ್ಕಮ್ಮನಿಗೆ ಆ ಹೆಸರು ಬಿಡಲಿಲ್ಲ. ಹೊಸ ಮನೆಯಲ್ಲಿ ಹಾಲು ಉಕ್ಕಿಸಿದ ಕೈಯಲ್ಲೇ ಮಗನ ಕುಂದನ್ನು ಬರೆಯಲು ಅಮ್ಮನಿಗೆ ಆಗಲಿಲ್ಲ. ಸ್ವಲ್ಪ ದಿನ ಆಗಲಿ ಎಂದದ್ದು ಸುಳ್ಳಲ್ಲ, ನಿಜವಾಗಿಯೂ ಹೇಳಬೇಕೆಂದೇ ಇದ್ದಳು. ಒಂದೇ ಊರಿನಲ್ಲಿ ಬೇರು ಬಿಟ್ಟವರಿಗೆ ಆ ಸ್ವಲ್ಪ ದಿನ ಎಂದಾದರೂ ಬರುತ್ತದೆ. ನಮಗೆ ಅದು ಬರುವುದರೊಳಗೆ ಪೋಸ್ಟಿಂಗ್ ಬರುತ್ತಿತ್ತು, ಇನ್ನೊಂದು ಹೊಸ ಮನೆ, ಇನ್ನೊಂದು ಮೊದಲ ದಿನ.

ಬ್ರಿಸ್ಬೇನ್‌ನ ಮನೆ ಕಂಬಗಳ ಮೇಲೆ ನಿಂತಿತ್ತು. ಹಿಂದೆ ಮರದ ಹಲಗೆಯ ಜಗಲಿ, ಅದರ ಕೆಳಗೆ ಹುಲ್ಲು, ಹುಲ್ಲಿನ ಮೇಲೆ ಹಿಂದಿನ ಬಾಡಿಗೆಯವರು ಬಿಟ್ಟುಹೋದ ಒಂದು ಟ್ರ್ಯಾಂಪೊಲಿನ್. ಚೇತು ಶಾಲೆಯಿಂದ ಬಂದವನೇ ಅದರ ಮೇಲೆ ಕತ್ತಲಾಗುವವರೆಗೆ ಹಾರುತ್ತಿದ್ದ. ಅಲ್ಲಿಯ ಸೆಕೆಗೆ, ಈಜಿನ ನೀರಿಗೆ, ಕಿವಿ ಮತ್ತೆ ಮತ್ತೆ ಸೋರುತ್ತಿತ್ತು. ಮತ್ತೆ ಡ್ರಾಪ್ಸ್, ಅಪ್ಪ ಇಲ್ಲದಾಗ ಬೆಳ್ಳುಳ್ಳಿ ಎಣ್ಣೆ. ಶಾಲೆಯಲ್ಲಿ ಅವನನ್ನು ಒಂದು ತರಗತಿ ಹಿಂದೆ ಹಾಕಿದರು. ರಾಜ್ಯ ಬದಲಾದಾಗ ವಯಸ್ಸಿನ ಲೆಕ್ಕ ಬದಲಾಗುತ್ತದೆ ಎಂದು ಅಪ್ಪ ಸಮಾಧಾನ ಹೇಳಿದರು. ಅದೂ ಅರ್ಧ ನಿಜವೇ. ಇಂಗ್ಲಿಷ್ ಅಕ್ಷರ ಬರೆಯುವ ರೀತಿ ಕೂಡ ರಾಜ್ಯಕ್ಕೊಂದು, ನನಗೂ ಪರ್ತ್‌ನಲ್ಲಿ ಕಲಿತ ಅಕ್ಷರದ ಬಾಲಗಳನ್ನೆಲ್ಲ ಕತ್ತರಿಸಿ ಬ್ರಿಸ್ಬೇನ್‌ನ ಬಾಲ ಅಂಟಿಸಬೇಕಾಗಿತ್ತು. ಆದರೆ ನಾನು ಬಾಲ ಬದಲಾಯಿಸಿಕೊಂಡು ಮುಂದೆ ಹೋದೆ. ಅವನು ಹಿಂದಿನ ಬೆಂಚಿನಲ್ಲಿ ಕೂತು ಟೀಚರ ಬಾಯಿ ನೋಡುತ್ತ, ಅವರು ಬೋರ್ಡಿನ ಕಡೆ ತಿರುಗಿದಾಗ ಕಿಟಕಿ ನೋಡುತ್ತ ಉಳಿದ. ಆ ಶಾಲೆಯಲ್ಲಿ ಒಂದರಿಂದ ಹನ್ನೆರಡರವರೆಗಿನ ತರಗತಿಗಳೆಲ್ಲ ಒಂದೇ ಕಾಂಪೌಂಡಿನಲ್ಲಿದ್ದವು, ಹಾಗಾಗಿ ನನ್ನ ಬಿಡುವಿನ ಗಂಟೆಗಳೆಲ್ಲ ಅವನ ಕ್ಲಾಸಿನ ಬಾಗಿಲಲ್ಲೇ ಕಳೆದವು.

ಭಾನುವಾರ ನಮ್ಮ ಮನೆಗೆ ಊಟಕ್ಕೆ ರೆಹಾನಾ ಅಕ್ಕ ಬರುತ್ತಿದ್ದಳು. ದಾವಣಗೆರೆಯವಳು, ಸೇಂಟ್ ಲೂಸಿಯಾದ ಕ್ಯಾಂಪಸ್ಸಿನಲ್ಲಿ ಓದುತ್ತ, ಸಂಜೆ ಹೊತ್ತು ಒಂದು ಸರ್ವೋದಲ್ಲಿ, ಅಂದರೆ ಪೆಟ್ರೋಲ್ ಬಂಕಿನಲ್ಲಿ, ಕ್ಯಾಷಿಯರ್ ಕೆಲಸ ಮಾಡುತ್ತಿದ್ದಳು. ಅಮ್ಮನಿಗೆ ಅವಳನ್ನು ಕಂಡರೆ ಪ್ರಾಣ. ಬಿಸಿಬೇಳೆ ಬಾತು ಮಾಡಿದ ದಿನ ಅವಳು ಬರುವ ತನಕ ಯಾರಿಗೂ ಬಡಿಸುತ್ತಿರಲಿಲ್ಲ. ಅವಳು ಓದುತ್ತಿದ್ದದ್ದು ಕಿವಿಯ ವಿಷಯವನ್ನೇ, ಕಿವಿ ಎಷ್ಟು ಕೇಳಿಸುತ್ತದೆ ಎಂದು ಪರೀಕ್ಷೆ ಮಾಡುವ ಓದು. ಮೊದಲ ವರ್ಷ ಅವಳಿಗೂ ಏನೂ ತಿಳಿಯಲಿಲ್ಲ. ಚೇತು ಅಷ್ಟು ಜಾಣ. ಎರಡನೆಯ ವರ್ಷ ಒಂದು ಭಾನುವಾರ, ಅವನು ಜಗಲಿಯಲ್ಲಿ ಬೆನ್ನು ಮಾಡಿ ಕೂತು ಹಪ್ಪಳ ತಿನ್ನುತ್ತಿದ್ದಾಗ, ಅವಳು ಸುಮ್ಮನೆ ಹಿಂದೆ ಹೋಗಿ ನಿಂತು, ಮೆಲ್ಲಗೆ ಅವನ ಹೆಸರು ಕರೆದಳು. ಆಮೇಲೆ ಸ್ವಲ್ಪ ಜೋರಾಗಿ. ಎಡಗಡೆಯಿಂದ ಎಷ್ಟು ಜೋರಾಗಿ ಕರೆದರೂ ಅವನು ತಿರುಗಲಿಲ್ಲ. ಹಪ್ಪಳ ಕಟಕಟ ಎನ್ನುತ್ತಲೇ ಇತ್ತು. ಅವಳು ಅಡುಗೆಮನೆಗೆ ಬಂದು ಅಮ್ಮನ ಕೈ ಹಿಡಿದುಕೊಂಡಳು.

“ಆಂಟಿ, ತಪ್ಪು ತಿಳ್ಕೋಬೇಡಿ. ಚೇತುಗೆ ಎಡಗಿವಿ ಕೇಳ್ತಾನೇ ಇಲ್ಲ ಅನ್ಸತ್ತೆ. ಬಲಗಿವೀನೂ ಪೂರ್ತಿ ಇಲ್ಲ. ಸೋರೋ ಕಿವೀನ ಹಂಗೇ ಬಿಟ್ರೆ ಒಳಗಿನ ಮೂಳೆಗೇ ಹೋಗತ್ತೆ. ಬೇಗ ತೋರ್ಸಿ. ನಾನೂ ಬರ್ತೀನಿ ಜೊತೆಗೆ.”

ಅಮ್ಮ ಕೈ ಬಿಡಿಸಿಕೊಂಡಳು. ತೋರಿಸೋಣ ಎಂದಳು, ಮೊಸರನ್ನ ಬಡಿಸಿದಳು, ಡಬ್ಬಿಗೆ ಪಲ್ಯ ಹಾಕಿಕೊಟ್ಟಳು. ರೆಹಾನಾ ಅಕ್ಕ ಬಸ್ ಹತ್ತಿದ ಮೇಲೆ ಅಮ್ಮ ಪಾತ್ರೆಗಳನ್ನು ಸಿಂಕಿಗೆ ಎತ್ತಿ ಹಾಕುತ್ತ ಅಪ್ಪನ ಮೇಲೆ ರೇಗಿದಳು.

“ನಮ್ಮನೇಲೇ ಊಟ ಮಾಡ್ಕೊಂಡು ನಮ್ಮ ಮಗೂಗೇ ಹೆಸರಿಡ್ತಾಳೆ ನೋಡಿ!”

“ಅವಳು ಹೇಳಿದ್ರಲ್ಲಿ ತಪ್ಪೇನಿದೆ? ತೋರ್ಸಬೇಕು,” ಎಂದರು ಅಪ್ಪ. ಆಮೇಲೆ, ಅವರಿಗೆ ಸಾಧ್ಯವಾದಷ್ಟು ಮೆಲ್ಲಗೆ, “ಆದ್ರೆ ಈಗ ಬೇಡ. ಆ ಪೋಸ್ಟಿಂಗ್ ಕ್ಲಿಯರ್ ಆಗ್ಲಿ,” ಎಂದರು.

ಆ ಪೋಸ್ಟಿಂಗ್ ಎಂದರೆ ಸಮುದ್ರದಾಚೆಯದು. ಆಗ್ನೇಯ ಏಷ್ಯಾದ ಒಂದು ನೆಲೆಯಲ್ಲಿ ಮೂರು ವರ್ಷ, ಜೊತೆಗೆ ಬಡ್ತಿ. ಅಪ್ಪ ಅದಕ್ಕಾಗಿ ಎಷ್ಟು ಕಾಲದಿಂದ ಕಾದಿದ್ದರೋ. ರೆಹಾನಾ ಅಕ್ಕ ಮುಂದಿನ ಎರಡು ಭಾನುವಾರ ಫೋನ್ ಮಾಡಿದಳು, ಅಮ್ಮ ಎರಡು ಸಲವೂ ಮೈ ಸರಿಯಿಲ್ಲ ಎಂದಳು. ಮೂರನೆಯ ವಾರ ನಾನೇ ನದಿಯ ದೋಣಿ ಹತ್ತಿ ಸೇಂಟ್ ಲೂಸಿಯಾಕ್ಕೆ ಹೋಗಿ ಅವಳ ಡಬ್ಬಿಗಳನ್ನು ಕೊಟ್ಟು ಬಂದೆ. ದೋಣಿಯ ಕಟ್ಟೆಯವರೆಗೆ ಬಂದು ಬೀಳ್ಕೊಡುವಾಗ ಅವಳು ನನ್ನ ಭುಜ ಹಿಡಿದು ಹೇಳಿದಳು.

“ದೊಡ್ಡವರು ಹೇಳ್ದಿದ್ರೆ ಹೋಗ್ಲಿ. ನೀನು ಹೇಳು. ಯಾರಾದ್ರೂ ಕೇಳಿದ್ರೆ ನೀನಾದ್ರೂ ಹೌದು ಅನ್ನು.”

ಹೂಂ ಎಂದೆ. ಅವಳ ಮುಂದೆ ನಿಂತಾಗ ಹೇಳಿಯೇಬಿಡುತ್ತೇನೆ ಎಂದೇ ಅನಿಸಿತ್ತು.

ವಿದೇಶಕ್ಕೆ ಹೋಗುವ ಸೈನಿಕರ ಮಕ್ಕಳ ಓದಿಗೆ ಏನೇನು ದಾರಿಗಳಿವೆ ಎಂಬ ಕಾಗದಗಳು ಮನೆಗೆ ಬಂದವು. ಅಪ್ಪ ಅವನ್ನು ಊಟದ ಮೇಜಿನ ಮೇಲೆ ಹರಡಿ, ಫ್ಯಾನಿನ ಗಾಳಿಗೆ ಹಾರದಂತೆ ಒಂದರ ಮೇಲೆ ಉಪ್ಪಿನಕಾಯಿ ಭರಣಿ, ಒಂದರ ಮೇಲೆ ತುಪ್ಪದ ಗಿಂಡಿ ಇಟ್ಟರು. ಅಲ್ಲಿಯ ಇಂಟರ್‌ನ್ಯಾಷನಲ್ ಸ್ಕೂಲಿಗೆ ಹಾಕಬಹುದು, ಆದರೆ ನನ್ನ ಕೊನೆಯ ಎರಡು ವರ್ಷಗಳ ಪಾಠ ಬೇರೆಯಾಗುತ್ತದೆ. ಮನೆಯಲ್ಲೇ ಕೂತು ಕಂಪ್ಯೂಟರಿನ ಮೂಲಕ ಆಸ್ಟ್ರೇಲಿಯಾದ ಟೀಚರುಗಳ ಬಳಿ ದೂರಶಿಕ್ಷಣದಲ್ಲಿ ಓದಬಹುದು. ದೊಡ್ಡ ಮಕ್ಕಳನ್ನು ಇಲ್ಲಿಯೇ ಹಾಸ್ಟೆಲಿನಲ್ಲಿ ಬಿಟ್ಟು ಹೋಗಬಹುದು, ಖರ್ಚು ಸೇನೆಯದು. ಇಲ್ಲವೇ ಅಪ್ಪ ಒಬ್ಬರೇ ಹೋಗಿ ನಾವು ಮೂವರೂ ಇಲ್ಲೇ ಉಳಿಯಬಹುದು, ಆದರೆ ಒಬ್ಬರೇ ಹೋಗಲು ಅಪ್ಪ ಒಪ್ಪಲಿಲ್ಲ. ಒಂದು ವಾರ ನಮ್ಮ ಊಟವೆಲ್ಲ ಆ ಕಾಗದಗಳ ಸುತ್ತಲೇ ನಡೆಯಿತು. ಕೊನೆಗೆ, ನಾನು ಅಡಿಲೇಡ್‌ನ ಹಾಸ್ಟೆಲಿಗೆ, ಯಾಕೆಂದರೆ ಹಿಂತಿರುಗಿದ ಮೇಲೆ ಅಪ್ಪನಿಗೆ ಅಡಿಲೇಡ್ ಸಿಗುವ ಹಾಗಿತ್ತು. ಚೇತು ಅವರ ಜೊತೆ ಹೋಗಿ ದೂರಶಿಕ್ಷಣ. ಆದರೆ ಉಪ್ಪಿನಕಾಯಿ ಭರಣಿಯ ಕೆಳಗಿದ್ದ ಕಾಗದದಲ್ಲಿ ಒಂದು ಮಾತು ಸ್ಪಷ್ಟವಾಗಿತ್ತು. ಮಗುವಿಗೆ ವಿಶೇಷ ನೆರವು ಬೇಕಿದ್ದು, ಅದು ಆ ನೆಲೆಯಲ್ಲಿ ಸಿಗದಿದ್ದರೆ, ಕುಟುಂಬವನ್ನು ಕಳಿಸುವುದಿಲ್ಲ. ಚೇತುವಿನ ಕಿವಿಯ ವಿಷಯ ಹೊರಗೆ ಬಂದರೆ ಅವನಿಗೆ ಇಲ್ಲೇ ಚಿಕಿತ್ಸೆಯಾಗುತ್ತದೆ, ಅಪ್ಪನ ಪೋಸ್ಟಿಂಗ್ ಹೋಗುತ್ತದೆ, ನನ್ನ ಹಾಸ್ಟೆಲ್ಲೂ ಹೋಗುತ್ತದೆ. ಇದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಾಲ್ವರಿಗೂ ಗೊತ್ತಿತ್ತು.

ನನಗೆ ಹಾಸ್ಟೆಲ್ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಆ ಕಾಗದದಲ್ಲಿದ್ದ ಕೋಣೆಯ ಚಿತ್ರವನ್ನು ಕತ್ತರಿಸಿ ಪುಸ್ತಕದಲ್ಲಿ ಇಟ್ಟುಕೊಂಡಿದ್ದೆ. ಒಂದು ಮಂಚ, ಒಂದು ದೀಪ, ಒಂದೇ ಕುರ್ಚಿ. ಅದೇ ತಿಂಗಳು ಶಾಲೆಯಿಂದ ಮೂರು ದಿನದ ಕ್ಯಾಂಪಿಗೆ ನನ್ನ ಹೆಸರು ಬಂದಿತ್ತು. ಅಮ್ಮ ಕಳಿಸಲಿಲ್ಲ.

“ಮೂರು ದಿನ ನೀನಿಲ್ದಿದ್ರೆ ಕ್ಲಾಸಲ್ಲಿ ಏನು ಹೇಳಿದ್ರು ಅಂತ ಚೇತುಗೆ ಯಾರು ಹೇಳ್ತಾರೆ?”

“ಅವನೇ ಕೇಳಿಸ್ಕೊಳ್ಲಿ!”

“ಕೇಳ್ಸಿದ್ರೆ ತಾನೆ?” ಎಂದುಬಿಟ್ಟಳು ಅಮ್ಮ. ಅಂದವಳು ನಾಲಿಗೆ ಕಚ್ಚಿಕೊಂಡು ಮಿಕ್ಸಿ ಹಾಕಿದಳು. ಕ್ಯಾಂಪಿಗೆ ಹೊರಟ ಬಸ್ಸನ್ನು ನಾನು ಚೇತುವಿನ ಕ್ಲಾಸಿನ ಬಾಗಿಲಲ್ಲಿ ನಿಂತು ನೋಡಿದೆ. ಅವತ್ತು ನನಗೆ ಅಮ್ಮನಿಗಿಂತ ಚೇತುವಿನ ಮೇಲೆ ಹೆಚ್ಚು ಸಿಟ್ಟು ಬಂದಿತ್ತು. ಅವನು ಬಿಸ್ಕತ್ತಿನ ಅರ್ಧ ಮುರಿದು ನನಗೆ ಕೊಟ್ಟ. ನಾನು ತೆಗೆದುಕೊಳ್ಳಲಿಲ್ಲ.

ಎರಡು ವಾರದ ಮೇಲೆ ಸಲಹೆಗಾರ್ತಿ ಮನೆಗೆ ಬಂದರು. ಸೇನೆಯ ಮಕ್ಕಳ ಶಾಲೆಯ ವಿಷಯ ನೋಡಿಕೊಳ್ಳುವವರು. ಮಾರ್ಗರೆಟ್ ಎಂದು ಹೆಸರು. ಬೆಳ್ಳಗಾದ ಕೂದಲಿನ, ಆತುರವಿಲ್ಲದ ಹೆಂಗಸು. ಅಮ್ಮ ಅವರಿಗಾಗಿ ಬೋಂಡ ಕರಿಯುತ್ತಿದ್ದಳು. ಅವರು ಜಗಲಿಯ ಮೇಲೆ ನನ್ನೆದುರು ಕೂತು, ಹಾಸ್ಟೆಲಿನ ಬಗ್ಗೆ, ನನ್ನ ಗೆಳತಿಯರ ಬಗ್ಗೆ ಕೇಳಿದರು. ಚೇತು ಕೆಳಗೆ ಟ್ರ್ಯಾಂಪೊಲಿನ್ ಮೇಲೆ ಹಾರುತ್ತಿದ್ದ. ಅವನ ತಲೆ ಜಗಲಿಯ ಕಟಕಟೆಯ ಮೇಲೆ ಒಮ್ಮೆ ಬರುವುದು, ಇಳಿಯುವುದು. ಮಾರ್ಗರೆಟ್ ಚೇತುವಿನ ಫಾರ್ಮನ್ನು ತೆಗೆದರು. ಅಮ್ಮ ಕಿಟಕಿಯಿಂದಲೇ ಕೂಗಿದಳು.

“ನೀನೇ ಬರ್ದುಬಿಡೇ, ನನ್ನ ಕೈಯೆಲ್ಲ ಹಿಟ್ಟು.”

ನಾನು ಬರೆದೆ. ಶ್ರೀ ಬರೆಯಲಿಲ್ಲ. ಹೆಸರು, ವಯಸ್ಸು, ಹಿಂದಿನ ಶಾಲೆಗಳನ್ನು ತುಂಬಿದೆ. ಆ ಪ್ರಶ್ನೆ ಬಂದಾಗ ಮಾರ್ಗರೆಟ್ ತಮ್ಮ ಕೈಯನ್ನು ಕಾಗದದ ಮೇಲಿಟ್ಟರು. ಶಾಲೆಯ ವರದಿಗಳನ್ನೆಲ್ಲ ಓದಿಯೇ ಬಂದಿದ್ದರೆಂದು ಕಾಣುತ್ತದೆ. ಚೇತನ್ ತುಂಬ ಹಿಂದುಳಿದಿದ್ದಾನೆ, ಅವನ ಬಗ್ಗೆ ನಾವು ತಿಳಿದುಕೊಳ್ಳಬೇಕಾದದ್ದು ಏನಾದರೂ ಇದೆಯೇ, ಮನೆಯವರು ಬರೆಯದೆ ಬಿಟ್ಟದ್ದು, ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ, ಅಮ್ಮನಿಗೆ ಕೇಳಿಸದಷ್ಟು ಮೆಲ್ಲಗೆ ಕೇಳಿದರು. ಆರು ವರ್ಷದಲ್ಲಿ ನನ್ನನ್ನು ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ರೆಹಾನಾ ಅಕ್ಕನ ಮಾತು ನನಗೆ ನೆನಪಿತ್ತು. ಪುಸ್ತಕದಲ್ಲಿದ್ದ ಚಿತ್ರವೂ ನೆನಪಿತ್ತು.

“ನೋ,” ಎಂದೆ. “ಹಿ ಈಸ್ ಜಸ್ಟ್ ಶೈ.”

ಚೌಕಕ್ಕೆ ಗುರುತು ಹಾಕಿದೆ. ಮಾರ್ಗರೆಟ್ ಒಂದು ಕ್ಷಣ ನನ್ನನ್ನೇ ನೋಡಿ, ಸರಿ ಎಂದರು. ಬೋಂಡ ಬಂತು. ಈಗಲೂ ಯಾರಾದರೂ ನನ್ನನ್ನು ಏನಾಯಿತು, ಏನು ತೊಂದರೆ ಎಂದು ಕೇಳಿದರೆ, ಏನು ಎಂದು ಯೋಚಿಸುವ ಮೊದಲೇ ನನ್ನ ಬಾಯಿಂದ ಬರುವುದು ಏನೂ ಇಲ್ಲ ಎಂದೇ. ಗಂಡನಿಗೂ ಹಾಗೆಯೇ, ಡಾಕ್ಟರಿಗೂ ಹಾಗೆಯೇ. ಆ ಅಭ್ಯಾಸವನ್ನು ನಾನು ಆ ಮನೆಗಳಲ್ಲಿ ಕಲಿತೆ.

ಅಡಿಲೇಡ್‌ನ ಹಾಸ್ಟೆಲಿನಲ್ಲಿ ನಾನು ಸುಖವಾಗಿದ್ದೆ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಬಿಡುವಿನ ಗಂಟೆ ಹೊಡೆದರೆ ಮರದ ಕೆಳಗೆ ಕೂತು ಗೆಳತಿಯರ ಜೊತೆ ಹರಟುತ್ತಿದ್ದೆ. ಭಾನುವಾರ ಕಂಪ್ಯೂಟರಿನಲ್ಲಿ ಮನೆಯವರ ಮುಖ ನೋಡುತ್ತಿದ್ದೆ. ಚೇತು ತಲೆಗೆ ದೊಡ್ಡ ಹೆಡ್‌ಫೋನ್ ಹಾಕಿಕೊಂಡು, ಸದ್ದನ್ನು ಪೂರ್ತಿ ಏರಿಸಿಕೊಂಡು ಕೂರುತ್ತಿದ್ದ. ಬಲಗಿವಿಗೆ ನೇರವಾಗಿ ಬೀಳುವ ಟೀಚರ ಮಾತು ಅವನಿಗೆ ಜೀವನದಲ್ಲಿ ಮೊದಲ ಸಲ ಸರಿಯಾಗಿ ಕೇಳಿಸಿತ್ತು. ಮಾರ್ಕ್ಸ್ ಏರಿದವು. ಗಣಿತದಲ್ಲಿ ಎಲ್ಲರಿಗಿಂತ ಮುಂದೆ ಬಂದ.

“ನೋಡಿದ್ಯಾ? ಏನೂ ಇರ್ಲಿಲ್ಲ ಅವನಿಗೆ. ಒಂದ್ಕಡೆ ಕೂತು ಓದೋಕೆ ಬಿಡ್ಬೇಕಿತ್ತು ಅಷ್ಟೆ,” ಎಂದು ಅಮ್ಮ ಅತ್ತೇಬಿಟ್ಟಳು. ನಾನೂ ಅತ್ತೆ. ನನ್ನ ಸುಳ್ಳು ತಾನಾಗಿಯೇ ನಿಜವಾಯಿತು ಎಂದು ಆ ದಿನ ನಾನು ನಂಬಿದೆ. ಹೆಡ್‌ಫೋನಿನ ಎಡಗಡೆಯ ಸ್ಪಂಜು ತಿಂಗಳಿಗೊಮ್ಮೆ ಒದ್ದೆಯಾಗಿ ಕೊಳೆತು ಬದಲಾಯಿಸಬೇಕಾಗುತ್ತಿತ್ತು ಎಂದು ಚೇತು ನನಗೆ ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಅವರು ಹಿಂತಿರುಗಿ ಬಂದಾಗ ಮನೆ ಸಿಕ್ಕಿದ್ದು ಅಡಿಲೇಡ್‌ನ ಕಿಲ್ಬರ್ನ್‌ನಲ್ಲಿ. ಹಳೆಯ ಕಲ್ಲಿನ ಮನೆ, ಬೀದಿಯಾಚೆ ಕಾರ್ಖಾನೆಗಳ ತಗಡಿನ ಗೋಡೆ. ಹಗಲೆಲ್ಲ ಲೋಹ ಕುಯ್ಯುವ ಸದ್ದು. ಅಮ್ಮ ಹಾಲು ಉಕ್ಕಿಸಿದಳು. ನಾನು ಹಾಸ್ಟೆಲ್ ಮುಗಿಸಿ ಕಾಲೇಜು ಸೇರಿದ್ದೆ. ಪೆಟ್ಟಿಗೆ ಹೊತ್ತುಕೊಂಡು ಮನೆಗೆ ಬಂದೆ. ಚೇತುವಿಗೆ ಹದಿನೈದು. ನನಗಿಂತ ಎತ್ತರವಾಗಿದ್ದ. ಅಪ್ಪಿಕೊಂಡಾಗ ಅವನ ಕಿವಿಯಿಂದ ವಾಸನೆ ಬಂತು, ಸತ್ತ ಇಲಿಯ ವಾಸನೆ. ನಾನು ಹಿಂದಕ್ಕೆ ಸರಿದದ್ದು ಅವನಿಗೆ ಗೊತ್ತಾಯಿತು. ಹೊಸ ಶಾಲೆಯ ಕ್ಲಾಸಿನಲ್ಲಿ ಹೆಡ್‌ಫೋನ್ ಇಲ್ಲ, ಅಲ್ಲಿ ಮತ್ತೆ ಕಿಟಕಿ ನೋಡುತ್ತ ಕೂತ. ಮೂರನೆಯ ವಾರ ಒಂದು ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತಿದ್ದಾಗ ಕಾಫಿ ಅವನ ಬಾಯಿಯ ಎಡ ಅಂಚಿನಿಂದ ಶರಟಿನ ಮೇಲೆ ಇಳಿಯಿತು. ಅವನು ಒರೆಸಿಕೊಂಡು ನಕ್ಕ. ನಗು ಮುಖದ ಬಲಭಾಗದಲ್ಲಿ ಮಾತ್ರ ಇತ್ತು. ಎಡಗಣ್ಣು ಮುಚ್ಚುತ್ತಿರಲಿಲ್ಲ. ಅಮ್ಮನ ಕೈಯಿಂದ ಸೌಟು ಬಿತ್ತು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಕಿವಿಯೊಳಗೆ ವರ್ಷಗಟ್ಟಲೆ ಬೆಳೆದ ಗಡ್ಡೆ ಅಲ್ಲಿಯ ಸಣ್ಣ ಮೂಳೆಗಳನ್ನೆಲ್ಲ ತಿಂದು, ಮುಖದ ನರವನ್ನು ಒತ್ತಿ, ಈಗ ಮಿದುಳಿನ ಪಕ್ಕದ ಮೂಳೆಯವರೆಗೆ ಹೋಗಿತ್ತು. ಮರುದಿನ ಬೆಳಿಗ್ಗೆಯೇ ಆಪರೇಷನ್ ಆಗಬೇಕು. ಜೀವಕ್ಕೆ ಭಯವಿಲ್ಲ ಎಂದುಕೊಳ್ಳೋಣ, ಆದರೆ ಎಡಗಿವಿ ಇನ್ನು ಯಾವತ್ತೂ ಕೇಳಿಸುವುದಿಲ್ಲ, ಮುಖ ಸರಿಹೋಗುತ್ತದೆಂದು ಮಾತು ಕೊಡಲಾರೆವು ಎಂದರು ಡಾಕ್ಟರ್. ಚಿಕ್ಕಂದಿನಲ್ಲೇ ತೋರಿಸಿದ್ದರೆ ಎಂದು ಶುರುಮಾಡಿದವರು ಅಮ್ಮನ ಮುಖ ನೋಡಿ ಮಾತು ನಿಲ್ಲಿಸಿದರು. ಅಪ್ಪ ಗೋಡೆಗೆ ಒರಗಿ ನಿಂತಿದ್ದರು.

ಸೇರಿಸಿಕೊಳ್ಳುವ ಫಾರ್ಮನ್ನು ನರ್ಸ್ ತಂದುಕೊಟ್ಟು ಹೋದಳು. ನಾವು ನಾಲ್ವರೂ ಸಾಲಾಗಿ ಕುರ್ಚಿಗಳಲ್ಲಿ ಕೂತೆವು. ಚೇತು ನನ್ನ ಎಡಕ್ಕೆ, ಎಂದಿನ ಜಾಗದಲ್ಲಿ. ಅಮ್ಮ ಅಭ್ಯಾಸಬಲದಿಂದ ಕೈಚೀಲದಿಂದ ಪೆನ್ಸಿಲ್ ತೆಗೆದು ಕಾಗದದ ಮೇಲೆ ಶ್ರೀ ಬರೆದಳು. ಹೆಸರು ಬರೆದಳು, ವಯಸ್ಸು ಬರೆದಳು. ಆ ಪ್ರಶ್ನೆ ಇಲ್ಲಿಯೂ ಇತ್ತು. ಅವಳ ಕೈ ಅಲ್ಲಿ ನಿಂತಿತು, ಫಾರ್ಮನ್ನು ನನ್ನ ತೊಡೆಯ ಮೇಲೆ ಇಟ್ಟಿತು. ನಾನು ‘ಹೌದು’ ಎಂಬ ಚೌಕಕ್ಕೆ ಗುರುತು ಹಾಕಿದೆ. ಅದರ ಕೆಳಗೇ, ಯಾವಾಗಿನಿಂದ ಎಂದು ಒಂದು ಗೆರೆ. ನಾನು ಅಮ್ಮನ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಚೇತು ಬಗ್ಗಿ ಕಾಗದವನ್ನು ಓದಿದ.

“ಥಾರ್ನ್ಲಿ ಅಂತ ಬರಿ,” ಎಂದ. ಕನ್ನಡದಲ್ಲಿ ಎಂದ. ಅವನ ತುಟಿ ಅರ್ಧ ಮಾತ್ರ ಅಲ್ಲಾಡುತ್ತಿದ್ದುದರಿಂದ ಮಾತು ತೊದಲುತ್ತಿತ್ತು.

ಬರೆದೆ. ಅವನು ಇನ್ನೂ ಕಾಗದವನ್ನೇ ನೋಡುತ್ತಿದ್ದ.

“ಬ್ರಿಸ್ಬೇನಲ್ಲಿ ಆ ಆಂಟಿ ನಿನ್ನ ಕೇಳಿದ್ರಲ್ಲ,” ಎಂದ. “ನಾನು ಟ್ರ್ಯಾಂಪೊಲಿನ್ ಮೇಲಿದ್ದೆ. ಅವ್ರ ಬಾಯಿ ನೋಡ್ದೆ. ನೀನು ಹೇಳ್ತೀಯ ಅಂದ್ಕೊಂಡೆ. ನೀನು ನೋ ಅಂದೆ.”

ಅಪ್ಪ ತಲೆಯೆತ್ತಿ ನನ್ನನ್ನು ನೋಡಿದರು. ಮೂರು ವರ್ಷ, ಪ್ರತಿ ಭಾನುವಾರ, ಅವನು ಅದನ್ನು ತಿಳಿದುಕೊಂಡೇ ನನ್ನ ಜೊತೆ ನಕ್ಕಿದ್ದ.

“ಚೇತೂ,” ಎಂದೆ. “ಚೇತು, ನಾನು...”

ಅವನು ಎದ್ದ. ಕುರ್ಚಿಯನ್ನು ಎತ್ತಿ ತಂದು ನನ್ನ ಬಲಕ್ಕೆ ಇಟ್ಟುಕೊಂಡ. ಎಡಗಿವಿಯನ್ನು ನನ್ನ ಕಡೆ ಮಾಡಿ, ಎದುರಿನ ಗೋಡೆ ನೋಡುತ್ತ ಕೂತ. ಹೇಳಬೇಕಾದದ್ದನ್ನೆಲ್ಲ ನಾನು ಆ ಕಿವಿಗೇ ಹೇಳಿದೆ.